ಬಿದ್ದ ಕಮಾನಿನ ಕೇಸು

ಯುದ್ಧ ಶುರುವಾಗಿ ಎರಡು ವರ್ಷವೋ ಮೂರು ವರ್ಷವೋ ಆಗಿತ್ತು. ನಾನು ಕೋಲಾರದಲ್ಲಿ ವಕೀಲಿ ಹಿಡಿದು ಆರನೆಯ ವರ್ಷ. ಅಲ್ಲಿಯವರೆಗೆ ನನ್ನ ಕೈಗೆ ಬಂದಿದ್ದ ಕ್ರಿಮಿನಲ್ ಕೇಸುಗಳೆಂದರೆ ಬದುವಿನ ಜಗಳದಲ್ಲಿ ತಲೆ ಒಡೆದದ್ದು, ಕೆರೆ ನೀರಿನ ಸರದಿಗೆ ಗುದ್ದಲಿ ಎತ್ತಿದ್ದು, ಒಂದು ಸಲ ಯಾರದೋ ಹೋರಿ ಕದ್ದದ್ದು. ಅಂಥವನ ಮನೆಯ ಮುಂದೆ ಒಂದು ಬೆಳಿಗ್ಗೆ ಬೆಂಗಳೂರಿನ ಕಾರು ಬಂದು ನಿಂತಾಗ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನನ್ನ ಹೆಂಡತಿ ಒಳಗಿನಿಂದ ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಹೊರಗೆ ತಳ್ಳಿದಳು.

ಬಂದವರು ರಸ್ತೆ, ಸೇತುವೆ, ಉಗ್ರಾಣಗಳನ್ನು ಕಟ್ಟುವ ಒಂದು ಕಂಪನಿಯ ಯಜಮಾನರು. ಐವತ್ತರ ಆಸುಪಾಸು, ಎತ್ತರದ ಆಳು, ಬಿಸಿಲಿನಲ್ಲೂ ಕೋಟಿನ ಗುಂಡಿ ಬಿಚ್ಚದವರು. ಕುಳಿತವರೇ ವಿಷಯಕ್ಕೆ ಬಂದರು. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ಅವರ ಕಂಪನಿ ಎರಡು ಕಮಾನಿನ ಕಲ್ಲು ಸೇತುವೆ ಕಟ್ಟುತ್ತಿತ್ತು. ಒಂದು ಕಮಾನು ಬಿದ್ದು, ಕೆಳಗೆ ಕೆಲಸ ಮಾಡುತ್ತಿದ್ದ ಒಬ್ಬ ಕಲ್ಲುಕುಟಿಗ ಸತ್ತಿದ್ದ. ನಿರ್ಲಕ್ಷ್ಯದಿಂದ ಪ್ರಾಣಹಾನಿ ಮಾಡಿದರೆಂದು ಪೊಲೀಸರು ಇಬ್ಬರ ಮೇಲೆ ಕೇಸು ಹಾಕಿದ್ದರು. ಒಂದನೆಯ ಆರೋಪಿ ಯಜಮಾನರು, ಎರಡನೆಯ ಆರೋಪಿ ಅಲ್ಲಿನ ಮೇಸ್ತ್ರಿ.

"ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ವಕೀಲರಿದ್ದಾರಲ್ಲ ಸಾರ್," ಎಂದೆ.

"ಇದ್ದಾರೆ. ಮುಳಬಾಗಿಲಿನ ಮ್ಯಾಜಿಸ್ಟ್ರೇಟರಿಗೆ ಅವರನ್ನ ಕಂಡರೆ ಆಗೋಲ್ಲವಂತೆ. ಸಾಕ್ಷಿಗಳೆಲ್ಲ ತೆಲುಗಿನವರು. ನಿಮಗೆ ಎರಡೂ ಭಾಷೆ ಬರುತ್ತೆ, ಈ ಕಡೆಯವರು, ಹಳ್ಳಿಯವರು ಅಂದರು. ನಿಮ್ಮಂಥವರೇ ಬೇಕು."

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವೇಮಗಲ್ಲಿನ ಹತ್ತಿರ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಪುಣೆಯಲ್ಲಿ ಲಾ ಓದಿ ಬಂದು, ಆರು ವರ್ಷ ಬದುವಿನ ಜಗಳಗಳನ್ನೇ ನಡೆಸಿದವನಿಗೆ ಒಂದು ಕಂಪನಿ ತಾನಾಗಿ ಮನೆಗೆ ಬಂದಿತ್ತು. ಇಬ್ಬರು ಆರೋಪಿಗಳ ಪರವಾಗಿಯೂ ಒಂದೇ ವಕಾಲತ್ತಿಗೆ ಯಜಮಾನರ ರುಜುವನ್ನೂ, ಅವರ ಮೂಲಕ ಮೇಸ್ತ್ರಿಯ ಹೆಬ್ಬೆಟ್ಟನ್ನೂ ತೆಗೆದುಕೊಂಡೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಆ ವಾರವೇ ಸ್ಥಳ ನೋಡಲು ಹೊರಟೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಕಾಲ. ಏರು ಬಂದ ಕಡೆಯಲ್ಲೆಲ್ಲ ಕಂಡಕ್ಟರು ನಮ್ಮನ್ನು ಇಳಿಸಿ ತಳ್ಳಿಸುತ್ತಿದ್ದ. ಮುಳಬಾಗಿಲು ಸೇರುವ ಹೊತ್ತಿಗೆ ನನ್ನ ಬಿಳಿ ಷರಟಿನ ಬೆನ್ನೆಲ್ಲ ಮಸಿ. ಜಾಮೀನಿನ ಮೇಲೆ ಹೊರಗಿದ್ದ ಮೇಸ್ತ್ರಿ ಬಸ್ ನಿಲ್ಲುವ ಕಡೆ ಕಾದಿದ್ದರು. ವಯಸ್ಸು ಐವತ್ತೈದಾದರೂ ಇರಬೇಕು, ಸಣಕಲು ಮೈ, ಸುಣ್ಣ ತಿಂದು ಬಿರುಕು ಬಿಟ್ಟ ಅಂಗೈ. ಇಬ್ಬರೂ ಒಂದು ಎತ್ತಿನ ಗಾಡಿಯಲ್ಲಿ ಕುಳಿತು, ಕುರುಡುಮಲೆಗೆ ತಿರುಗುವ ದಾರಿಯನ್ನು ಬಿಟ್ಟು ಮುಂದೆ ಹೋದೆವು.

ಹಳ್ಳದಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಒಂದು ಕಮಾನು ಸೊಗಸಾಗಿ ನಿಂತಿತ್ತು. ಇನ್ನೊಂದು ಇದ್ದ ಜಾಗದಲ್ಲಿ ಬರೀ ಆಕಾಶ. ಕೆಳಗೆ ಮರಳಿನಲ್ಲಿ ಒಂದರ ಮೇಲೊಂದು ಬಿದ್ದ ಚಪ್ಪಡಿಗಳು. ಮೇಸ್ತ್ರಿ ನನಗೆ ಕೆಲಸವನ್ನು ವಿವರಿಸಿದರು. ಕಮಾನು ಕಟ್ಟುವಾಗ ಅದರ ಕೆಳಗೆ ತೊಲೆ, ಹಲಗೆಗಳ ಒಂದು ಕಟ್ಟು ನಿಲ್ಲಿಸುತ್ತಾರೆ. ಅದಕ್ಕೆ ಸೆಂಟ್ರಿಂಗ್ ಅನ್ನುತ್ತಾರೆ. ಕಲ್ಲುಗಳ ನಡುವಿನ ಗಾರೆ ಗಟ್ಟಿಯಾಗುವ ತನಕ ಭಾರವನ್ನೆಲ್ಲ ಹೊರುವುದು ಆ ಮರವೇ. ಗಟ್ಟಿಯಾದ ಮೇಲೆ ಮರ ಬಿಚ್ಚುತ್ತಾರೆ, ಕಮಾನು ತಾನೇ ನಿಲ್ಲುತ್ತದೆ.

"ಎಷ್ಟು ದಿನ ಇರಬೇಕು ಮರ?"

"ಸುಣ್ಣದ್ ಗಾರೆ ಸಾಮಿ. ಒಂದೂವರೆ ತಿಂಗ್ಳಾದ್ರೂ ಇರ್ಬೇಕು."

"ಇದಕ್ಕೆ ಎಷ್ಟು ದಿನ ಆಗಿತ್ತು?"

ಮೇಸ್ತ್ರಿ ಹಳ್ಳದ ಕಡೆಗೆ ತಿರುಗಿದರು. "ಹದ್ನೇಳು."

"ಮತ್ತೆ ಯಾಕೆ ಬಿಚ್ಚಿಸಿದಿರಿ?"

"ಬಿಚ್ಚಿಸ್ದೆ. ಅಷ್ಟೆ."

ನಾನು ಬಿಡಲಿಲ್ಲ. ಹೊಂಗೆ ಮರದ ಕೆಳಗೆ ಕೂರಿಸಿಕೊಂಡು, ನಾನು ನಿಮ್ಮ ವಕೀಲ, ನನಗೆ ಹೇಳಿದ್ದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ ಎಂದು ಸಮಾಧಾನ ಮಾಡಿ ಕೇಳಿದೆ. ಆ ಮಾತನ್ನು ನಾನು ನಿಜವಾಗಿಯೂ ಹೇಳಿದೆ. ಮೇಸ್ತ್ರಿ ಎಲೆಯಡಿಕೆ ಉಗಿದು, ನಡೆದದ್ದನ್ನು ಒಂದೊಂದಾಗಿ ಹೇಳಿದರು.

ಕಂಪನಿಗೆ ಮಾಲೂರಿನಲ್ಲಿ, ರೈಲು ಸ್ಟೇಷನ್ನಿನ ಹತ್ತಿರ, ಒಂದು ದೊಡ್ಡ ಉಗ್ರಾಣದ ಕೆಲಸ ಸಿಕ್ಕಿತ್ತು. ಮಿಲಿಟರಿಯವರಿಗೆ ಅವಸರ. ಮರ ಎಲ್ಲೂ ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೇತುವೆಯ ಹತ್ತಿರ ನಾಲ್ಕು ಗಾಡಿಗಳು ಬಂದು ನಿಂತವು. ಜೊತೆಯಲ್ಲಿ ಒಂದು ಚೀಟಿ. ಮೇಸ್ತ್ರಿಗೆ ಓದು ಬಾರದು. ಕಂಪನಿಯ ಲೆಕ್ಕ, ಹಾಜರಿ ಬರೆಯುತ್ತಿದ್ದ ರೈಟರು ಅದನ್ನು ಓದಿ ಹೇಳಿದ: ಯಜಮಾನರು ಮರವನ್ನೆಲ್ಲ ಇಳಿಸಿ ತಕ್ಷಣ ಮಾಲೂರಿಗೆ ಕಳಿಸಬೇಕೆಂದು ಬರೆದಿದ್ದಾರೆ. ಮೊದಲ ಕಮಾನು ಬಲಿತಿತ್ತು, ಅದರ ಮರ ಇಳಿಸಬಹುದಾಗಿತ್ತು. ಎರಡನೆಯದು ಬಲಿತಿರಲಿಲ್ಲ. ಮೇಸ್ತ್ರಿ ಆಗುವುದಿಲ್ಲ ಎಂದರು. ಗಾಡಿಗಳನ್ನು ಬರಿದಾಗಿ ವಾಪಸು ಕಳಿಸಿದರೆ ನನ್ನ ಕೆಲಸ ಹೋಗುತ್ತೆ ಎಂದ ರೈಟರು. ಮಧ್ಯಾಹ್ನದ ತನಕ ಇಬ್ಬರಿಗೂ ವಾದವಾಯಿತು.

"ಆಮೇಲೆ?"

"ಆಮೇಲೆ ನಾನೇ ಹತ್ತಿ ಕಲ್ ಬಡ್ದ್ ನೋಡ್ದೆ ಸಾಮಿ. ಸುತ್ಗೇಲಿ. ಒಂದೊಂದ್ ಕಲ್ಲೂ ಬಡ್ದೆ. ಸದ್ದು ಚೆನ್ನಾಗೇ ಇತ್ತು. ನಿಲ್ತೈತೆ ಅನ್ನಿಸ್ತು. ಬಿಚ್ರಿ ಅಂದೆ."

"ಇದನ್ನ ಪೊಲೀಸರಿಗೆ ಹೇಳಿದಿರಾ? ಚೀಟಿ ಬಂದದ್ದು?"

"ಇಲ್ಲ. ನೀವೂ ಹೇಳ್ಬೇಡಿ."

"ಯಾಕೆ ಮೇಸ್ತ್ರಿ? ನಿಮ್ಮನ್ನ ಉಳಿಸೋದೇ ಅದು!"

ಮೇಸ್ತ್ರಿಗೆ ಸಿಟ್ಟು ಬಂತು. "ಮೂವತ್ ವರ್ಷದಿಂದ ಕಮಾನ್ ಕಟ್ತಾ ಇದೀನಿ. ಈ ಸೀಮೇಲಿ ಯಾವನನ್ನಾನಾ ಕೇಳಿ. ಯಾರೋ ಗೀಚಿದ್ ಕಾಗ್ದ ನೋಡಿ ಹಸಿ ಕಮಾನ್ ಬಿಚ್ದ ಅಂದ್ರೆ ನಾನೇನ್ ಮೇಸ್ತ್ರಿ? ರೈಟರ್ ಮೇಸ್ತ್ರಿ ಆದ್ನಾ? ಬಡ್ದ್ ನೋಡ್ದೋನು ನಾನು. ಬಿಚ್ಚು ಅಂದೋನು ನಾನು."

ಅಲ್ಲಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ತಲೆ ಬಿಸಿಯಾಗಿತ್ತು. ಕೇಸು ನನ್ನ ಕಣ್ಣೆದುರಿಗೇ ಎರಡಾಗಿ ಸೀಳಿತ್ತು. ಚೀಟಿ ಬಂದಿತ್ತು ಎಂದರೆ ಯಜಮಾನರು ಸಿಕ್ಕಿಬೀಳುತ್ತಾರೆ. ಚೀಟಿ ಇಲ್ಲ ಎಂದರೆ ಮೇಸ್ತ್ರಿ ಒಬ್ಬರೇ ಸಿಕ್ಕಿಬೀಳುತ್ತಾರೆ. ಇಬ್ಬರಿಗೂ ನಾನೇ ವಕೀಲ.

ಯಜಮಾನರು ಮುಂದಿನ ಸಲ ಕೋಲಾರದ ಟ್ರಾವೆಲರ್ಸ್ ಬಂಗಲೆಯಲ್ಲಿ ಇಳಿದಾಗ ನೇರವಾಗಿ ಕೇಳಿದೆ, ನೀವು ಚೀಟಿ ಕಳಿಸಿದ್ದಿರಾ ಎಂದು.

"ಯಾವ ಚೀಟಿ?" ಎಂದರು ಮೊದಲು. ಆಮೇಲೆ ತಾವೇ ಮುಂದುವರಿಸಿದರು. "ಮರ ಬೇಕು ಅಂತ ಬರೆದಿರಬಹುದು ವಕೀಲರೇ. ದಿನಕ್ಕೆ ಇಪ್ಪತ್ತು ಚೀಟಿ ಬರೀತೀನಿ. ಬಲಿಯದ ಕಮಾನು ಬಿಚ್ಚು ಅಂತ ಯಾರಾದ್ರೂ ಬರೀತಾರಾ? ಬಿಚ್ಚಬಹುದಾದ್ದು ಬಿಚ್ಚಿ ಕಳಿಸಲಿ ಅಂತ ತಾನೇ ಅದರ ಅರ್ಥ? ಅದು ನೋಡಿಕೊಳ್ಳೋಕೆ ತಾನೇ ಮೇಸ್ತ್ರಿ ಇರೋದು?"

"ಆ ಚೀಟಿ ಎಲ್ಲಿದೆ?"

"ನನಗೇನು ಗೊತ್ತು?"

"ರೈಟರು ಎಲ್ಲಿದ್ದಾನೆ?"

"ಕೆಲಸ ಬಿಟ್ಟ. ಮಿಲಿಟರಿಯಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದ ಅಂತ ಕೇಳಿದೆ."

ಸುಳ್ಳೆಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತಿಗೂ ಇಲ್ಲ. ಚೀಟಿಯಲ್ಲಿ ನಿಜವಾಗಿ ಏನು ಬರೆದಿತ್ತೋ ಬರೆದವರಿಗೆ ಗೊತ್ತು, ಓದಿದವನಿಗೆ ಗೊತ್ತು. ರೈಟರು ಹೆದರಿ ಒಂದು ಮಾತು ಸೇರಿಸಿ ಓದಿದನೋ, ಇದ್ದದ್ದನ್ನೇ ಓದಿದನೋ.

ಮೇಸ್ತ್ರಿಗೆ ಬೇರೆ ವಕೀಲರನ್ನು ಇಡಿ, ಇಬ್ಬರ ಹಿತವೂ ಒಂದಲ್ಲ ಎಂದು ಹೇಳಿದೆ. ಯಜಮಾನರು ಒಪ್ಪಲಿಲ್ಲ. "ಇಬ್ಬರು ವಕೀಲರು ಅಂದರೆ ಎರಡು ಕಥೆ. ನೀವೇ ಇರಿ," ಎಂದರು. ಆಗ ನಾನು ಒಂದು ಕೆಲಸ ಮಾಡಿದೆ. ಬಹಳ ನ್ಯಾಯವಾದದ್ದು ಎಂದು ಆಗ ತಿಳಿದಿದ್ದೆ. ಮುಂದಿನ ವಾಯಿದೆಯಲ್ಲಿ, ನಾನು ಒಂದನೆಯ ಆರೋಪಿಯ ಪರವಾಗಿ ಮಾತ್ರ ಹಾಜರಾಗುತ್ತೇನೆ, ಎರಡನೆಯವರ ವಕಾಲತ್ತು ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟೆ. ಇಬ್ಬರದನ್ನೂ ಬಿಡಬೇಕಾಗಿತ್ತು. ಅದು ಹೊಳೆಯಲಿಲ್ಲ ಎನ್ನುವುದಕ್ಕಿಂತ, ಕಂಪನಿಯ ಕೇಸನ್ನು ಬಿಡಲು ಮನಸ್ಸಿರಲಿಲ್ಲ ಎನ್ನುವುದೇ ಸರಿ.

ಕೋರ್ಟಿನ ಹೊರಗೆ ಮೇಸ್ತ್ರಿಗೆ ಇದನ್ನು ವಿವರಿಸಲು ಹೋದೆ.

"ಅಂದ್ರೆ ನೀವ್ ನಂಗೆ ಇಲ್ಲ?"

"ಇಲ್ಲ ಮೇಸ್ತ್ರಿ. ನಿಮ್ಮ ಒಳ್ಳೇದಕ್ಕೇ. ಇಲ್ಲಿಯ ನನ್ನ ವಕೀಲ ಸ್ನೇಹಿತರೊಬ್ಬರಿಗೆ ಹೇಳಿದೀನಿ. ಪುಗಸಟ್ಟೆ ನಡೆಸಿಕೊಡ್ತಾರೆ. ಹೆಬ್ಬೆಟ್ಟು ಒತ್ತಿ ಸಾಕು."

"ಬೇಡ ಬಿಡಿ ಸಾಮಿ. ನಾನ್ ಬಿಚ್ಚಿಸ್ದೆ ಅಂತ ಹೇಳೋಕೆ ಇನ್ನೊಬ್ಬ ಯಾಕೆ?"

ಸ್ನೇಹಿತರೂ ಹೇಳಿ ನೋಡಿದರು. ಮೇಸ್ತ್ರಿ ಹೆಬ್ಬೆಟ್ಟು ಒತ್ತಲೇ ಇಲ್ಲ. ಹೀಗೆ, ನಾನು ನ್ಯಾಯವಾಗಿ ನಡೆದುಕೊಂಡದ್ದರಿಂದ ಮೇಸ್ತ್ರಿಗೆ ವಕೀಲರೇ ಇಲ್ಲದಂತಾಯಿತು.

ಆಮೇಲೆ ವಾಯಿದೆಗಳು. ಒಂದು ಸಲ ಮ್ಯಾಜಿಸ್ಟ್ರೇಟರು ರಜ. ಒಂದು ಸಲ ಮಹಜರಿಗೆ ರುಜು ಹಾಕಿದವನು ಮಗಳ ಮದುವೆಗೆ ಹೋಗಿದ್ದ. ಒಂದು ಸಲ ಹೆಣ ಪರೀಕ್ಷೆ ಮಾಡಿದ ಡಾಕ್ಟರಿಗೆ ವರ್ಗವಾಗಿತ್ತು. ಇನ್ನೊಂದು ಸಲ ಡಾಕ್ಟರು ಬಂದರು, ಅವರ ಕಾಗದ ಬರಲಿಲ್ಲ, ಯಾರೋ ಅದನ್ನು ಚಿಂತಾಮಣಿಗೆ ಕಳಿಸಿಬಿಟ್ಟಿದ್ದರು. ಪ್ರತಿ ಸಲವೂ ನಾನು ಬಸ್ಸು ತಳ್ಳಿಕೊಂಡು ಮುಳಬಾಗಿಲಿಗೆ ಹೋಗಿ, ಇನ್ನೊಂದು ತಾರೀಖು ಬರೆದುಕೊಂಡು, ತಳ್ಳಿಕೊಂಡೇ ವಾಪಸು ಬರುತ್ತಿದ್ದೆ. ಯಜಮಾನರಿಗೆ ಹಾಜರಾತಿಯಿಂದ ವಿನಾಯಿತಿ ಕೇಳಿ ಪಡೆದಿದ್ದೆ. ಅವರು ಬರಬೇಕಾಗಿರಲಿಲ್ಲ. ಮೇಸ್ತ್ರಿ ಪ್ರತಿ ವಾಯಿದೆಗೂ ಬರುತ್ತಿದ್ದರು. ಕೇಸು ನಡೆಯುವಾಗ ಅವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಸತ್ತವನ ಹೆಂಡತಿಯೂ ಬರುತ್ತಿದ್ದಳು. ಅವಳೂ ಅದೇ ಸೇತುವೆಯಲ್ಲಿ ಗಾರೆ ಹೊರುತ್ತಿದ್ದವಳು, ಅವಳೇ ಮುಖ್ಯ ಸಾಕ್ಷಿ. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಬೆಳಗಿನ ಜಾವವೇ ಎದ್ದು ನಡೆದು ಬರುತ್ತಿದ್ದಳು. ನನಗೆ ಮೊದಲ ದಿನ ನಂಬಲಾಗದಿದ್ದ ವಿಷಯವೆಂದರೆ ಅವಳೂ ಮೇಸ್ತ್ರಿಯೂ ಕೋರ್ಟಿನ ಆವರಣದ ಒಂದೇ ಮರದ ಕೆಳಗೆ ಕುಳಿತುಕೊಳ್ಳುತ್ತಿದ್ದದ್ದು. ಅವಳು ಗಂಟಿನಲ್ಲಿ ತಂದ ರಾಗಿ ರೊಟ್ಟಿಯನ್ನು ಮುರಿದು ಮೇಸ್ತ್ರಿಗೂ ಕೊಡುತ್ತಿದ್ದಳು. ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ಊರಿನ ಬಾವಿಯ ಬಗ್ಗೆ, ಯಾರದೋ ಎಮ್ಮೆ ಕರು ಹಾಕಿದ ಬಗ್ಗೆ. ಒಮ್ಮೆ ಕಾನ್‌ಸ್ಟೇಬಲ್ ಒಬ್ಬ ಬಂದು ಗದರಿಸಿದ: "ಏಯ್, ಆರೋಪಿ ಹತ್ರ ಸಾಕ್ಷಿ ಕೂತ್ಕೋಬಾರ್ದು ಕಣಮ್ಮ, ಎದ್ದೇಳು." ಅವಳು ಎದ್ದು ನಾಲ್ಕು ಮಾರು ಆಚೆ ಹೋಗಿ ಬಿಸಿಲಿನಲ್ಲಿ ಕೂತಳು. ಅವನು ಅತ್ತ ಹೋದ ಕೂಡಲೇ ಮರದ ಕೆಳಕ್ಕೆ ಬಂದಳು.

"ಅಲ್ಲಮ್ಮ, ನಿನಗೆ ಇವರ ಮೇಲೆ ಸಿಟ್ಟಿಲ್ಲವಾ?" ಎಂದು ಕೇಳಬೇಕೆನ್ನಿಸಿತು. ಎದುರು ಪಕ್ಷದ ಸಾಕ್ಷಿಯ ಹತ್ತಿರ ನಾನು ಮಾತಾಡುವಂತಿರಲಿಲ್ಲ.

ಆ ದಿನಗಳಲ್ಲಿ ನಮ್ಮ ತಂದೆ ಹಳ್ಳಿಯಿಂದ ಅವರೆಕಾಯಿ ಮೂಟೆ ಹೊತ್ತುಕೊಂಡು ಬಂದರು. ಊಟ ಮಾಡುವಾಗ ಹೆಸರು ಗಿಸರು ಬಿಟ್ಟು ಕೇಸಿನ ಕಥೆ ಹೇಳಿದೆ. ಮಣ್ಣಿನಲ್ಲಿ ದುಡಿದವರು, ಮೇಸ್ತ್ರಿಯ ಪಕ್ಷ ಹಿಡಿಯುತ್ತಾರೆ, ನನ್ನನ್ನು ಬೈಯುತ್ತಾರೆ, ಬೈಸಿಕೊಂಡರೆ ನನಗೂ ಹಗುರವಾಗುತ್ತದೆ ಎಂದುಕೊಂಡಿದ್ದೆ.

ತಂದೆ ಮುದ್ದೆ ಮುರಿಯುತ್ತಾ, "ಮೇಸ್ತ್ರಿದೇ ತಪ್ಪು ಕಣೋ," ಎಂದರು. "ಬಾವಿ ಕಟ್ಟಿಸ್ದಾಗ ನಾನೇ ಅವಸರ ಮಾಡ್ದೆ, ನಮ್ ಕಲ್ಲು ಕೆಲ್ಸದೋನು ಏನಂದ ಗೊತ್ತಾ? ಗೌಡ್ರೇ, ಮನೇಗ್ ಹೋಗಿ ಮಲಗ್ರಿ ಅಂದ. ಹೋದೆ. ಹಂಗನ್ನೋನೇ ಮೇಸ್ತ್ರಿ."

"ಮೇಸ್ತ್ರಿಯ ಕೆಲಸ ಹೋಗಿದ್ದರೆ?"

"ಹೋಗ್ಲಿ. ಈಗ ಪ್ರಾಣ ಹೋಯ್ತಲ್ಲ."

ನನಗೆ ರೇಗಿತು. ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಅವರ ಮಾತಿನಲ್ಲಿ ತಪ್ಪೇನಿತ್ತೋ ಹೇಳಲು ಬರಲಿಲ್ಲ. ಆದರೆ ಅವರು ಹೇಳಿದ್ದನ್ನೇ ನಾನು ಕೋರ್ಟಿನಲ್ಲಿ, ಕಂಪನಿಯ ಪರವಾಗಿ, ಇಂಗ್ಲಿಷು ಬೆರೆಸಿ ಹೇಳಬೇಕಾಗಿತ್ತು.

ಕೊನೆಗೂ ಸಾಕ್ಷಿ ವಿಚಾರಣೆಯ ದಿನ ಬಂತು. ಮ್ಯಾಜಿಸ್ಟ್ರೇಟರು ಪೆನ್ಷನ್ನಿಗೆ ಹತ್ತಿರವಾದವರು, ನಶ್ಯದ ಡಬ್ಬಿಯನ್ನು ಮೇಜಿನ ಮೇಲೇ ಇಟ್ಟುಕೊಳ್ಳುತ್ತಿದ್ದರು. ಸತ್ತವನ ಹೆಂಡತಿ ಸಾಕ್ಷಿ ಕಟಕಟೆ ಹತ್ತಿ, ತೆಲುಗು ಕನ್ನಡ ಕಲಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಾಡಿ ಬಂದವು. ಚೀಟಿ ಬಂತು. ರೈಟರು ಓದಿದ. ಮೇಸ್ತ್ರಿಗೂ ಅವನಿಗೂ ಜಗಳವಾಯಿತು. ಉಂಡ ಮೇಲೆ ಮರ ಬಿಚ್ಚಲು ಶುರು ಮಾಡಿದರು. ತನ್ನ ಗಂಡ ಕೆಳಗಿನಿಂದ ಹಲಗೆ ಎಳೆದುಕೊಡುತ್ತಿದ್ದ. ತಾನು ದಡದಲ್ಲಿ ಗಾರೆ ಕಲಸುತ್ತಿದ್ದಳು. ಸದ್ದು ಕೇಳಿ ತಿರುಗಿದಾಗ ಬರೀ ದೂಳು. ಮೇಸ್ತ್ರಿ ಹಳ್ಳಕ್ಕೆ ಧುಮುಕಿ ಬರಿಗೈಲಿ ಕಲ್ಲು ಎತ್ತುತ್ತಿದ್ದರು, ಉಗುರುಗಳು ಕಿತ್ತುಹೋಗಿದ್ದವು.

ಚೀಟಿಯ ಮಾತು ಬಂದ ಕೂಡಲೇ ಪೊಲೀಸ್ ಪ್ರಾಸಿಕ್ಯೂಟರು ಉತ್ಸಾಹದಿಂದ ಅದನ್ನೇ ಎರಡು ಸಲ ಹೇಳಿಸಿದರು. ಆಮೇಲೆ ನನ್ನ ಸರದಿ.

"ನಿನಗೆ ಓದು ಬರುತ್ತೇನಮ್ಮಾ?"

"ಲೇದು ಸಾಮಿ."

"ಚೀಟಿಯಲ್ಲಿ ಏನು ಬರೆದಿತ್ತು ಅಂತ ನೀನು ಕಣ್ಣಲ್ಲಿ ನೋಡಿದೆಯಾ?"

"ರೈಟರ್ ಚದಿವಿನಾಡು. ಓದಿ ಹೇಳ್ದ."

"ಅವನು ಹೇಳಿದ್ದೂ ಬರೆದದ್ದೂ ಒಂದೇ ಅಂತ ನಿನಗೆ ಹೇಗೆ ಗೊತ್ತು?"

ಅವಳು ನನ್ನ ಮುಖ ನೋಡಿದಳು. ಗೊತ್ತಿಲ್ಲವೆಂದು ತಲೆಯಾಡಿಸಿದಳು. ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಾಲಿಗೆ ಓಡುತ್ತಿತ್ತು.

"ಮರ ಬಿಚ್ಚುವುದಕ್ಕೆ ಮುಂಚೆ ಕಮಾನಿನ ಮೇಲೆ ಹತ್ತಿ, ಸುತ್ತಿಗೆಯಲ್ಲಿ ಕಲ್ಲುಗಳನ್ನ ಬಡಿದು ನೋಡಿದ್ದು ಯಾರು?"

"ಮೇಸ್ತ್ರಿ ಅಣ್ಣ."

"ಎಲ್ಲಾ ಕಲ್ಲುಗಳನ್ನೂ?"

"ಔನು. ಎಲ್ಲಾನೂ."

"ನೋಡಿದ ಮೇಲೆ, ಬಿಚ್ಚಿ ಅಂತ ಹೇಳಿದ್ದು ಯಾರು? ರೈಟರೋ, ಮೇಸ್ತ್ರಿಯೋ?"

"ಅಣ್ಣನೇ."

"ಕಂಪನಿಯ ಯಜಮಾನರು ಅವತ್ತು ಅಲ್ಲಿ ಇದ್ದರೇ?"

"ಲೇರು ಸಾಮಿ."

ಸುತ್ತಿಗೆಯಲ್ಲಿ ಬಡಿದದ್ದು ಪೊಲೀಸರ ಯಾವ ಕಾಗದದಲ್ಲೂ ಇರಲಿಲ್ಲ. ಹೊಂಗೆ ಮರದ ಕೆಳಗೆ, ನಾನು ನಿಮ್ಮ ವಕೀಲ ಎಂದು ಹೇಳಿ ಕೇಳಿಸಿಕೊಂಡದ್ದು ಅದು. ಪ್ರಶ್ನೆ ಬಾಯಿಂದ ಹೊರಟ ಮೇಲೆ ನನಗೆ ಅದು ಹೊಳೆಯಿತು. ಮೇಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಲಕ್ಷ್ಯವಿಟ್ಟು ನೋಡಿದರು, ಅಷ್ಟೆ.

ಮ್ಯಾಜಿಸ್ಟ್ರೇಟರು ಅವರ ಕಡೆ ತಿರುಗಿ, "ನೀನೇನಾದ್ರೂ ಕೇಳ್ತೀಯೇನಪ್ಪಾ ಈ ಸಾಕ್ಷೀನ?" ಎಂದರು.

"ನಾನೇನ್ ಕೇಳ್ಲಿ ಸಾಮಿ. ಅವ್ಳು ಹೇಳಿದ್ದೆಲ್ಲ ಸರಿ."

ವಾದದ ದಿನ ನಾನು ಬಹಳ ತಯಾರಾಗಿ ಹೋಗಿದ್ದೆ. ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸಲಾಗದು. ಯಜಮಾನರು ಇದ್ದದ್ದು ಬೆಂಗಳೂರಿನಲ್ಲಿ. ಅನುಭವಸ್ಥ ಮೇಸ್ತ್ರಿಯನ್ನು ನೇಮಿಸಿದ್ದೇ ಅವರು ವಹಿಸಿದ ಎಚ್ಚರಿಕೆ. ಮರಣಕ್ಕೆ ನೇರವಾದ ಕಾರಣ ಸ್ಥಳದಲ್ಲಿದ್ದವರ ತೀರ್ಮಾನ. ಮ್ಯಾಜಿಸ್ಟ್ರೇಟರು ನಶ್ಯ ಏರಿಸಿ ಕೇಳಿದರು:

"ಸೇತುವೆ ಕಟ್ಟಿದ್ದು ಯಾರ್ರೀ?"

"ಕಂಪನಿ, ಸ್ವಾಮಿ."

"ಮರ ಬೇಕಾಗಿದ್ದು ಯಾರಿಗೆ?"

"ಕಂಪನಿಗೆ."

"ಬಿಚ್ಚಿದ್ದು ಯಾರು?"

"ಮೇಸ್ತ್ರಿ."

"ಅಲ್ಲಾರೀ, ಕಟ್ಟೋಕೆ ಕಂಪನಿ, ಬೇಕು ಅನ್ನೋಕೆ ಕಂಪನಿ, ಬೀಳೋ ಹೊತ್ತಿಗೆ ಮಾತ್ರ ಮೇಸ್ತ್ರೀನಾ? ಈ ಕಂಪನಿ ಅನ್ನೋನನ್ನ ಒಂದ್ಸಲ ಕರ್ಕೊಂಡ್ ಬನ್ನಿ, ಮುಖ ನೋಡೋಣ."

ಕೋರ್ಟಿನಲ್ಲಿದ್ದವರು ನಕ್ಕರು. ನನಗೆ ಒಳಗೊಳಗೇ ಸಂತೋಷವಾಯಿತು. ಈ ಮುದುಕ ನನ್ನನ್ನು ಸೋಲಿಸುತ್ತಾನೆ, ಸೋಲಿಸಲಿ ಎಂದುಕೊಂಡೆ. ಸೋಲುವುದಕ್ಕೆ ಅಷ್ಟು ಆಸೆಪಟ್ಟದ್ದು ನನ್ನ ವಕೀಲಿಯಲ್ಲಿ ಅದೊಂದೇ ಸಲ.

ಹದಿನೈದು ದಿನದ ಮೇಲೆ ತೀರ್ಪು ಓದಿದರು. ಆ ದಿನ ನಗಿಸಲಿಲ್ಲ. ಕಾನೂನು ತಮ್ಮ ಕೈ ಕಟ್ಟಿದೆ ಎಂದರು. ಚೀಟಿ ಕೋರ್ಟಿನ ಮುಂದೆ ಇಲ್ಲ. ಅದನ್ನು ಓದಿದವನು ಇಲ್ಲ. ಕೇಳಿದವಳಿಗೆ ಓದು ಬಾರದು. ಎರಡನೆಯ ಆರೋಪಿ ತಾನೇ ಕಲ್ಲು ಬಡಿದು ಪರೀಕ್ಷಿಸಿ ತಾನೇ ಹುಕುಂ ಕೊಟ್ಟದ್ದು ರುಜುವಾತಾಗಿದೆ, ಅವನೂ ಒಪ್ಪಿದ್ದಾನೆ. ಯಜಮಾನರಿಗೆ ಬಿಡುಗಡೆ. ಮೇಸ್ತ್ರಿಗೆ ನಾಲ್ಕು ತಿಂಗಳು ಸಾದಾ ಸಜೆ.

ಯಜಮಾನರು ಅಂದು ಬಂದಿದ್ದರು. ನನ್ನ ಕೈ ಕುಲುಕಿ, "ಭೇಷ್ ಮಾಡಿದಿರಿ. ಆ ಸುತ್ತಿಗೆ ಪ್ರಶ್ನೆ ಎಲ್ಲಿಂದ ಹಿಡಿದಿರಿ?" ಎಂದರು. ನಾನು ಏನೋ ಗೊಣಗಿದೆ. ಮೇಸ್ತ್ರಿಯನ್ನು ಕರೆದುಕೊಂಡು ಹೋಗುವಾಗ ಆ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಗಂಡನ ಸಾವಿನ ಬಗ್ಗೆ ಹೇಳುವಾಗ ಅವಳು ಅತ್ತಿರಲಿಲ್ಲ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಯಜಮಾನರು ಕರೆದರು. ಕಾರಿನಲ್ಲೇ ಕೋಲಾರಕ್ಕೆ ಬಂದೆ.

ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಹೆಂಡತಿ, "ಗೆದ್ದು ಬಂದೋರು ಹೀಗಿರ್ತಾರಾ?" ಎಂದು ಕೇಳಿದಳು. ಅವಳ ಮೇಲೂ ರೇಗಿದೆ. ಮೂರನೆಯ ದಿನ ಮುಳಬಾಗಿಲಿನ ಸ್ನೇಹಿತರಿಗೆ ಕಾಗದ ಬರೆದು, ಅಪೀಲು ಹಾಕಿ, ಖರ್ಚು ನನ್ನದು ಎಂದೆ. ಈ ಸಲ ಅವರು ಜೈಲಿಗೇ ಹೋಗಿ, ಇದು ಸುಮ್ಮನೆ ಜೈಲಿನ ಕಾಗದ ಎಂದು ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು.

ಅಪೀಲು ಕೋಲಾರದಲ್ಲೇ ವಿಚಾರಣೆಗೆ ಬಂತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸ್ನೇಹಿತರು ಚೆನ್ನಾಗಿ ವಾದಿಸಿದರು. ಚೀಟಿಯ ಒತ್ತಡದಿಂದಲೇ ಇದೆಲ್ಲ ನಡೆದದ್ದು, ಮೇಸ್ತ್ರಿ ನಿರಾಕರಿಸಿದ್ದಕ್ಕೆ ಸಾಕ್ಷಿಯಿದೆ ಎಂದರು. ಜಡ್ಜಿಯವರು ಕಾಗದಗಳನ್ನು ತಿರುವಿಹಾಕಿ, ಪಾಟೀಸವಾಲಿನ ಪುಟವನ್ನು ಗಟ್ಟಿಯಾಗಿ ಓದಿದರು. ನಿನಗೆ ಓದು ಬರುತ್ತೇನಮ್ಮಾ. ಲೇದು ಸಾಮಿ. ಬಡಿದು ನೋಡಿದ್ದು ಯಾರು. ಮೇಸ್ತ್ರಿ ಅಣ್ಣ. ನನ್ನ ಪ್ರಶ್ನೆಗಳು ಆ ದೊಡ್ಡ ಕೋಣೆಯಲ್ಲಿ ಒಂದೊಂದಾಗಿ ಕೇಳಿಸಿದವು. "ಇಷ್ಟು ಸ್ಪಷ್ಟವಾದ ಸಾಕ್ಷ್ಯ ಇರುವಾಗ ನಾನೇನು ಮಾಡಲಿ?" ಎಂದರು. ಅಪೀಲು ವಜಾ ಆಯಿತು. ಅಷ್ಟು ಹೊತ್ತಿಗೆ ಸಜೆಯಲ್ಲಿ ಮೂರು ವಾರ ಮಾತ್ರ ಉಳಿದಿತ್ತು.

ಸ್ನೇಹಿತರು ಹೊರಗೆ ಬಂದು, "ಒಳ್ಳೆ ಪಾಟೀಸವಾಲು ಮಾಡಿಬಿಟ್ಟಿದ್ದೀಯ ಮಾರಾಯ, ಒಂದು ಸಂದೂ ಇಲ್ಲ," ಎಂದರು. ತಮಾಷೆಗೆ ಹೇಳಿದರೋ ಏನೋ.

ಸೇತುವೆಯನ್ನು ಬೇರೆಯವರು ಮುಗಿಸಿದರು. ಯಜಮಾನರು ಮಾಲೂರಿನಲ್ಲಿ ಜಮೀನಿನ ಒಂದು ತಕರಾರಿಗೆ ನನ್ನನ್ನೇ ವಕೀಲನಾಗಿ ಇಟ್ಟುಕೊಳ್ಳಬೇಕೆಂದು ಎರಡು ಸಲ ಹೇಳಿ ಕಳಿಸಿದರು. ಆರೋಗ್ಯ ಸರಿಯಿಲ್ಲ ಎಂದು ಉತ್ತರ ಬರೆದೆ. ನಿಜವಾದ ಕಾರಣ ಬರೆಯುವ ಧೈರ್ಯ ಬರಲಿಲ್ಲ. ಸತ್ತವನ ಹೆಂಡತಿ ಪರಿಹಾರಕ್ಕೆ ಹಾಕಿದ್ದ ಅರ್ಜಿ ಬೇರೆ ಕಚೇರಿಯಲ್ಲಿತ್ತು. ಸ್ನೇಹಿತರು ಅದರ ಬೆನ್ನು ಹತ್ತಿ ಕೊಡಿಸಿದರು ಎಂದು ಆಮೇಲೆ ತಿಳಿಯಿತು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ.

ಯುದ್ಧ ಮುಗಿದ ವರ್ಷ, ಒಂದು ಬೆಳಿಗ್ಗೆ, ಮೇಸ್ತ್ರಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ನಾನು ಸ್ನಾನ ಮಾಡಿ ಹೊರಗೆ ಬಂದವನು ಹಾಗೇ ನಿಂತೆ. ಮೈ ಇನ್ನೂ ಇಳಿದಿತ್ತು, ತಲೆಯ ರುಮಾಲು ಮಾತ್ರ ಹೊಸದು. ಇಷ್ಟು ವರ್ಷದ ಮೇಲೆ ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದರೆ ಏನೂ ಎದುರು ಹೇಳಬಾರದು ಎಂದು ನಿರ್ಧರಿಸಿ ಹತ್ತಿರ ಕುಳಿತೆ.

"ಹುತ್ತೂರಲ್ ಕೆಲ್ಸ ನಡೀತೈತೆ ಸಾಮಿ," ಎಂದರು. "ರೇಷ್ಮೆ ಹುಳ ಸಾಕೋ ಮನೆ. ಬರೀ ಗೋಡೆ, ಕಮಾನಿಲ್ಲ."

"ಸರಿ ಮೇಸ್ತ್ರಿ. ಏನು ಬಂದಿರಿ?"

ಅವರ ತಮ್ಮನ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವನು ಬೇಲಿ ಹಾಕಿ ಮುಚ್ಚಿದ್ದನಂತೆ. ಕೇಸು ಹಾಕಬೇಕು. ಕಾಗದಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ಮೇಸ್ತ್ರಿ," ಎಂದೆ. "ಕೋಲಾರದಲ್ಲಿ ಬೇಕಾದಷ್ಟು ವಕೀಲರಿದ್ದಾರೆ. ನನ್ನ ಹತ್ತಿರ ಯಾಕೆ ಬಂದಿರಿ?"

ಅವರಿಗೆ ಆಶ್ಚರ್ಯವಾಯಿತು. "ಇನ್ಯಾರತ್ರ ಹೋಗ್ಲಿ? ನಾನೇ ಕಣ್ಣಾರೆ ನೋಡಿದೀನಲ್ಲ ಸಾಮಿ. ನೀವ್ ಕೇಳಿದ್ರೆ ಎದ್ರುಗಡೆ ಇರೋರ್ ಬಾಯಿ ಕಟ್ಟೋಗ್ತೈತೆ. ಅಂಥೋರೇ ಬೇಕು ಅಂತ ತಮ್ಮಂಗ್ ಹೇಳ್ದೆ."

ಕುಹಕ ಇದೆಯೇ ಎಂದು ಅವರ ಮುಖವನ್ನು ಹುಡುಕಿದೆ. ಇರಲಿಲ್ಲ. ಹೊಂಗೆ ಮರದ ಕೆಳಗೆ ನೀವು ಹೇಳಿದ್ದನ್ನೇ ನಾನು ಎತ್ತಿಕೊಂಡೆ, ತಪ್ಪು ಮಾಡಿದೆ ಎಂದು ಹೇಳಿದೆ. ಅವರು ಕೈ ಆಡಿಸಿ, "ಅದ್ ನಿಜಾನೇ ಅಲ್ವಾ ಸಾಮಿ. ನಾನೇ ತಾನೇ ಬಡ್ದಿದ್ದು," ಎಂದು, ಬಟ್ಟೆಯ ಗಂಟು ಬಿಚ್ಚಿ ಪಹಣಿಯನ್ನು ನನ್ನ ಮುಂದೆ ಹರಡಿದರು.

ಒಳಗಿನಿಂದ ಹೆಂಡತಿ ಕಾಫಿ ತಂದಳು. ಕೇಸು ತೆಗೆದುಕೊಂಡೆ. ಅದು ಮುನಸೀಫರ ಕೋರ್ಟಿನಲ್ಲಿ ಮೂರು ವರ್ಷ ಎಳೆದು, ಕೊನೆಗೆ ಪಕ್ಕದವನು ತಾನಾಗಿಯೇ ಬೇಲಿಯನ್ನು ಒಂದು ಗಾಡಿ ಅಗಲ ಹಿಂದಕ್ಕೆ ಸರಿಸಿ ರಾಜಿಯಾಯಿತು. ಯಾರಿಗೂ ಪಾಟೀಸವಾಲು ಮಾಡುವ ಸಂದರ್ಭ ಬರಲಿಲ್ಲ.